ಸರ್ಫೇಸ್ ಪ್ಲೇನರ್, ಥಿಕ್‌ನೆಸರ್‌ಗೆ ಹೊಸ ಬ್ಲೇಡ್ ತಗೋಬೇಕು, ಅಳತೆ ಮತ್ತೆ ಮೆಟೀರಿಯಲ್ ಹೇಗೆ ಆರಿಸೋದು?

ಹಲಗೆ_ಹವ್ಯಾಸಿ:

ನಮಸ್ಕಾರ ಎಲ್ರಿಗೂ. ನನ್ನ ಹತ್ರ ಒಂದು ಹಳೇ ಕಾಂಬಿನೇಷನ್ ಪ್ಲೇನರ್ ಇದೆ, ಮೇಲ್ಗಡೆ ಸರ್ಫೇಸಿಂಗ್ (ಹಲಗೆ ಮುಖ ಮಟ್ಟ ಮಾಡೋದು), ಕೆಳಗಡೆ ಥಿಕ್‌ನೆಸಿಂಗ್ (ಒಂದೇ ದಪ್ಪಕ್ಕೆ ತರೋದು), ಬ್ಲೇಡ್ ಹಿಡಿದು ತಿರುಗೋ ಕಟರ್ ಬ್ಲಾಕ್‌ನಲ್ಲಿ ಮೂರು ಬ್ಲೇಡ್. ಸೆಕೆಂಡ್ ಹ್ಯಾಂಡ್ ಮಷಿನ್, ಜೊತೆಗೆ ಮ್ಯಾನ್ಯುಯಲ್ ಬಂದಿರಲಿಲ್ಲ, ನೇಮ್ ಪ್ಲೇಟ್ ಮೇಲಿನ ಅಕ್ಷರಾನೂ ಸವೆದುಹೋಗಿದೆ. ಸಾಣೆ ಹಿಡಿಸಿ ಹಿಡಿಸಿ ಬ್ಲೇಡ್ ಅಗಲ ಕಮ್ಮಿ ಆಗಿದೆ, ಮೂರರಲ್ಲೂ ಒಂದೇ ಜಾಗದಲ್ಲಿ ಸಣ್ಣ ಹಲ್ಲು ಬಿದ್ದಿರೋದ್ರಿಂದ ಹಲಗೆ ಮೇಲೆ ಉದ್ದಕ್ಕೂ ಒಂದು ಏಣು ಉಳ್ಕೊಳ್ತಿದೆ, ತಳ್ಳೋಕೂ ಜಾಸ್ತಿ ಬಲ ಬೇಕು, ಗಟ್ಟಿ ಮರ ಆದ್ರೆ ಕೆಲವು ಕಡೆ ಸುಟ್ಟ ಹಾಗೆ ಕಪ್ಪು ಹೊಳಪು ಬರುತ್ತೆ.

ಹೊಸ ಸೆಟ್ ತಗೊಳ್ಳೋಣ ಅಂತ ಹುಡುಕಿದ್ರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), 18% ಟಂಗ್‌ಸ್ಟನ್, ಹೈ ಕಾರ್ಬನ್ ಹೈ ಕ್ರೋಮ್, ಕಾರ್ಬೈಡ್ ಟಿಪ್ಡ್ ಅಂತ ಏನೇನೋ ಬರುತ್ತೆ, ಒಂದಕ್ಕೂ ಇನ್ನೊಂದಕ್ಕೂ ಬೆಲೆ ವ್ಯತ್ಯಾಸ ತುಂಬಾ ಇದೆ. ನಾನು ಮಾಡೋದು ಹೆಚ್ಚಾಗಿ ತೇಗ, ಹಳೇ ಬಾಗಿಲು ಕಿಟಕಿ ಬಿಚ್ಚಿದ ಮರ, ಯಾವಾಗಲೋ ಒಮ್ಮೆ ಪ್ಲೈವುಡ್ ಅಂಚು. ಯಾವ ಮೆಟೀರಿಯಲ್ ತಗೊಳ್ಳಲಿ, ಅಳತೆ ಯಾವ್ಯಾವುದು ನೋಡಬೇಕು, ಹಲ್ಲು ಜಾಸ್ತಿ ಬಿದ್ದಿರೋ ಒಂದನ್ನ ಮಾತ್ರ ಬದಲಾಯಿಸಿದ್ರೆ ನಡೆಯುತ್ತಾ, ಅನುಭವ ಇರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಉಳಿ_ಸುತ್ತಿಗೆ:

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ ಸರ್, ಒಂದನ್ನ ಮಾತ್ರ ಬದಲಾಯಿಸಬೇಡಿ. ಬ್ಲಾಕ್ ನಿಮಿಷಕ್ಕೆ 5000 ಸುತ್ತಿನ ಆಸುಪಾಸು ತಿರುಗುತ್ತೆ, ಎರಡು ಸವೆದ ಬ್ಲೇಡ್ ಜೊತೆ ಒಂದು ಅಗಲವಾದ ಹೊಸದು ಹಾಕಿದ್ರೆ ತೂಕ ಒಂದು ಕಡೆಗೆ ವಾಲಿ ವೈಬ್ರೇಷನ್ ಶುರು ಆಗುತ್ತೆ, ಬೇರಿಂಗ್ ಹಾಳಾಗುತ್ತೆ, ಹಲಗೆ ಮೇಲೂ ಅಲೆ ಅಲೆ ಬರುತ್ತೆ. ಯಾವಾಗಲೂ ಸೆಟ್ಟೇ ತಗೊಳ್ಳಿ, ಬಂದ ಮೇಲೆ ಮೂರನ್ನೂ ಒಂದೊಂದಾಗಿ ತೂಕ ಮಾಡಿ ನೋಡಿ. ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ ಸಾಕು.

ಇನ್ನು ಅಳತೆ. ಉದ್ದ, ಅಗಲ, ದಪ್ಪ, ಈ ಮೂರೂ ಬೇಕು, ಜೊತೆಗೆ ಬ್ಲೇಡ್‌ನಲ್ಲಿ ತೂತೋ ಸ್ಲಾಟೋ ಇದೆಯಾ ಇಲ್ಲ ಬರೀ ಪಟ್ಟಿನಾ ಅಂತ ನೋಡಬೇಕು. ಉದ್ದ ಸುಲಭ. ದಪ್ಪದಲ್ಲಿ ಹುಷಾರು, ಟೇಪ್ ಹಿಡಿದು ಅಳೆಯೋಕೆ ಹೋಗಬೇಡಿ, ವರ್ನಿಯರ್ ಕ್ಯಾಲಿಪರ್ ಬೇಕೇ ಬೇಕು. ಮೆಟ್ರಿಕ್ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 3 ಎಂಎಂ ಬರುತ್ತೆ, ಇಂಚಿನ ಮಷಿನ್‌ಗಳಲ್ಲಿ 1/8 ಇಂಚು ಅಂದ್ರೆ 3.175 ಎಂಎಂ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತೆ, ಆದ್ರೆ ಸ್ಲಾಟ್ ಟೈಟ್ ಇರೋ ಬ್ಲಾಕ್‌ಗೆ ದಪ್ಪದ್ದು ಇಳಿಯೋದೇ ಇಲ್ಲ, ಇಳಿದ್ರೂ ಬ್ಲೇಡನ್ನ ಬಿಗಿ ಹಿಡಿಯೋ ವೆಡ್ಜ್ ಪಟ್ಟಿ ಸರಿಯಾಗಿ ಕೂರಲ್ಲ. ಹಾಗಾಗಿ 3.0 ಬಂತಾ 3.17 ಬಂತಾ ನೋಡ್ಕೊಳ್ಳಿ, ಬ್ಲೇಡ್‌ನ ಎರಡು ಮೂರು ಕಡೆ ಅಳೀರಿ.

ಅಗಲದ ವಿಷಯಕ್ಕೆ ಬಂದ್ರೆ, ಈಗ ಮಷಿನ್‌ನಲ್ಲಿರೋ ಬ್ಲೇಡ್ ಅಳೆದು ಅದನ್ನೇ ಆರ್ಡರ್ ಮಾಡೋ ಹಾಗಿಲ್ಲ, ಯಾಕಂದ್ರೆ ಅದು ಸಾಣೆಗೆ ಎಷ್ಟು ಹೋಗಿದೆಯೋ ಗೊತ್ತಿಲ್ಲ. ಮೆಟ್ರಿಕ್‌ನಲ್ಲಿ 20, 25, 30, 35 ಹೀಗೆ ಬರುತ್ತೆ, ನಿಮ್ಮದು 26 ಚಿಲ್ಲರೆ ಬಂದ್ರೆ ಹುಟ್ಟಿನಲ್ಲಿ 30 ಇದ್ದಿರಬಹುದು. ಖಾತ್ರಿ ಮಾಡ್ಕೊಳ್ಳೋಕೆ ಒಂದು ಬ್ಲೇಡ್ ಬಿಚ್ಚಿ, ಸ್ಲಾಟ್ ಒಳಗಿನ ಕಸ, ಅಂಟು ಎಲ್ಲ ಸೀಮೆಎಣ್ಣೆ ಹಾಕಿ ತೆಗೆದು, ಬ್ಲೇಡನ್ನ ಕೆಳಗಿಂದ ಎತ್ತೋ ಜ್ಯಾಕ್ ಸ್ಕ್ರೂ ಪೂರ್ತಿ ಇಳಿಸಿ, ಸ್ಕ್ರೂ ತಲೆಯಿಂದ ಬ್ಲಾಕ್‌ನ ಮೇಲ್ಮೈವರೆಗೆ ಎಷ್ಟು ಆಳ ಇದೆ ಅಂತ ವರ್ನಿಯರ್‌ನ ಬಾಲದಿಂದ ಅಳೀರಿ. ಸ್ಕ್ರೂ ಬದಲು ಸ್ಪ್ರಿಂಗ್ ಇದ್ರೆ ಅದನ್ನ ಒತ್ತಿ ಹಿಡಿದು ಅಳೀಬೇಕು. ಬ್ಲೇಡ್ ಬ್ಲಾಕ್‌ನಿಂದ ಸುಮಾರು 1 ಎಂಎಂ ಆಚೆ ಬರಬೇಕು ಅಷ್ಟೇ, ಅದರ ಮೇಲೆ ಲೆಕ್ಕ ಹಾಕಿದ್ರೆ ಎಷ್ಟು ಅಗಲ ಹಿಡಿಯುತ್ತೆ ಅಂತ ಗೊತ್ತಾಗುತ್ತೆ.

ಮಷಿನ್ ಪ್ಲಗ್ ಕಿತ್ತು ಪಕ್ಕಕ್ಕೆ ಇಟ್ಟ ಮೇಲೇನೇ ಇದೆಲ್ಲ. ಸ್ವಿಚ್ ಆಫ್ ಮಾಡಿದ್ರೆ ಸಾಲದು.

ತೇಗದ_ತುಂಡು:

ಮೆಟೀರಿಯಲ್ ಬಗ್ಗೆ ನಾನು ಹೇಳ್ತೀನಿ. ಜನ ಯಾವುದು ಜಾಸ್ತಿ ಗಟ್ಟಿ ಅಂತ ಕೇಳ್ತಾರೆ, ನನ್ನ ಪ್ರಕಾರ ಕೇಳಬೇಕಾದ್ದು ಎರಡೇ, ನೀವು ಮಷಿನ್‌ಗೆ ಯಾವ ಮರ ಕೊಡ್ತೀರಿ, ಮೊಂಡಾದಾಗ ಸಾಣೆ ಯಾರು ಹಿಡೀತಾರೆ. ಇವೆರಡು ಗೊತ್ತಾದ್ರೆ ಮೆಟೀರಿಯಲ್ ತಾನಾಗೇ ತೀರ್ಮಾನ ಆಗುತ್ತೆ.

ಹೈ ಕಾರ್ಬನ್ ಹೈ ಕ್ರೋಮ್ ಬ್ಲೇಡ್ ಅಗ್ಗ, ಹೊಸದರಲ್ಲಿ ಅಲಗು ತುಂಬಾ ಚೂಪಾಗಿ ಬರುತ್ತೆ, ಮೆದು ಮರಕ್ಕೆ ನಯವಾದ ಫಿನಿಶ್ ಕೊಡುತ್ತೆ, ಆದ್ರೆ ಗಟ್ಟಿ ಮರದಲ್ಲಿ ಬೇಗ ಮೊಂಡಾಗುತ್ತೆ. ಎಚ್‌ಎಸ್‌ಎಸ್ ಅನ್ನೋದು ಬಿಸಿ ತಡೆಯೋ ಉಕ್ಕು, 500 ಡಿಗ್ರಿ ದಾಟಿದ್ರೂ ಗಡಸುತನ ಬಿಟ್ಟುಕೊಡಲ್ಲ, ಗಟ್ಟಿ ಮರ ಮೆದು ಮರ ಎರಡಕ್ಕೂ ಆಗುತ್ತೆ, ಸಾಣೆ ಹಿಡಿಯೋದೂ ಸುಲಭ. ಅದರಲ್ಲೇ ಎಂ2 ಅನ್ನೋದರಲ್ಲಿ ಟಂಗ್‌ಸ್ಟನ್ 6% ಜೊತೆ ಮಾಲಿಬ್ಡಿನಮ್ 5% ಇರುತ್ತೆ, ನೀವು ನೋಡಿದ 18% ಅನ್ನೋದು ಟಿ1, ಹಳೇ ಕಾಲದ ಮಿಶ್ರಣ. ಎರಡೂ ಒಳ್ಳೇದೇ, 18 ಅಂತ ಬರೆದಿದೆ ಅಂತ 6ಕ್ಕಿಂತ ಮೂರು ಪಟ್ಟು ಜಾಸ್ತಿ ಬಾಳಿಕೆ ಬರುತ್ತೆ ಅಂದ್ಕೋಬೇಡಿ, ಅಲ್ಲಿ ಮಾಲಿಬ್ಡಿನಮ್ ಟಂಗ್‌ಸ್ಟನ್‌ನ ಕೆಲಸ ಮಾಡ್ತಿರುತ್ತೆ.

ತೇಗದ ವಿಷಯ ಬೇರೆ. ನೋಡೋಕೆ, ಕುಯ್ಯೋಕೆ ಮೆದು ಅನ್ಸುತ್ತೆ, ಆದ್ರೆ ಒಳಗೆ ಸಿಲಿಕಾ ಇರುತ್ತೆ, ಅಂದ್ರೆ ಸಣ್ಣ ಮರಳಿನ ಕಣ ಇದ್ದ ಹಾಗೇನೇ, ಅಲಗನ್ನ ತಿಂದುಹಾಕುತ್ತೆ. ತೇಗದ ಕೆಲಸ ಜಾಸ್ತಿ ಇರೋರು ಹೈ ಕ್ರೋಮ್ ತಗೊಂಡ್ರೆ ಬ್ಲೇಡ್ ಬಿಚ್ಚೋದು ಹಾಕೋದೇ ಕೆಲಸ ಆಗ್ಬಿಡುತ್ತೆ. ನಿಮಗೆ ಎಚ್‌ಎಸ್‌ಎಸ್ ಕನಿಷ್ಠ.

ಮೊಂಡಾಗಿದೆಯಾ ಅಂತ ನೋಡೋಕೆ, ಕರೆಂಟ್ ತೆಗೆದು, ಟಾರ್ಚ್ ಹಿಡಿದು ಅಲಗಿನ ಮೇಲೆ ನೇರವಾಗಿ ಕಣ್ಣಿಟ್ಟು ನೋಡಿ. ಚೂಪಾದ ಅಲಗು ಬೆಳಕನ್ನ ವಾಪಸ್ ಕೊಡಲ್ಲ, ಕಾಣೋದೇ ಇಲ್ಲ. ಮೊಂಡಾಗಿದ್ರೆ ಕೂದಲೆಳೆ ಥರ ಬೆಳ್ಳಗೆ ಒಂದು ಗೆರೆ ಹೊಳೆಯುತ್ತೆ, ಹಲ್ಲು ಬಿದ್ದ ಕಡೆ ಚುಕ್ಕಿ ಕಾಣುತ್ತೆ.

ಸ್ಪೈರಲ್_ಬ್ಲಾಕ್:

ಕಾರ್ಬೈಡ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ತೇಗ ಅಂದ್ರೆ ಕಾರ್ಬೈಡ್ ಟಿಪ್ಡ್ (ಅಲಗಿಗೆ ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ಪಟ್ಟಿ ಕೂರಿಸಿದ ಬ್ಲೇಡ್) ತಗೊಳ್ಳಿ ಅಂತ ನಾನು ಹೇಳ್ತೀನಿ, ಪ್ಲೈವುಡ್ ಅಂಚು ಬೇರೆ ಕೊಡ್ತೀನಿ ಅಂದ್ರಲ್ಲ, ಪ್ಲೈ ಒಳಗಿನ ಅಂಟು ಎಚ್‌ಎಸ್‌ಎಸ್‌ ಅಲಗನ್ನ ನೋಡ್ತಾ ನೋಡ್ತಾ ಮೊಂಡು ಮಾಡುತ್ತೆ, ಅದೂ ಅಂಟಿನ ಪದರ ಬಂದ ಕಡೆ ಮಾತ್ರ ಸವೆದು ಆಮೇಲೆ ಒಳ್ಳೇ ಮರ ಕೊಟ್ಟಾಗ ಅದೇ ಜಾಗದಲ್ಲಿ ಗೆರೆ ಬರುತ್ತೆ. ಕಾರ್ಬೈಡ್ ಒಮ್ಮೆ ಹಾಕಿದ್ರೆ ಎಚ್‌ಎಸ್‌ಎಸ್‌ಗಿಂತ ಎಷ್ಟೋ ಪಟ್ಟು ಹೆಚ್ಚು ದಿನ ಬರುತ್ತೆ.

ಬಜೆಟ್ ಇದ್ರೆ ಪೂರ್ತಿ ಬ್ಲಾಕನ್ನೇ ಸ್ಪೈರಲ್ ಮಾಡಿಸಿ, ಉದ್ದ ಬ್ಲೇಡ್ ಬದಲು ಚಿಕ್ಕ ಚಿಕ್ಕ ಚೌಕ ಕಾರ್ಬೈಡ್ ಇನ್ಸರ್ಟ್, 14 ಎಂಎಂ ಇಲ್ಲ 15 ಎಂಎಂ ಚೌಕ. ನಾಲ್ಕು ಅಂಚು ಇರುತ್ತೆ, ಒಂದು ಮೊಂಡಾದ್ರೆ ಸ್ಕ್ರೂ ಸಡಿಲಿಸಿ ಕಾಲು ಸುತ್ತು ತಿರುಗಿಸಿದ್ರೆ ಹೊಸ ಅಂಚು, ಸೆಟ್ಟಿಂಗ್ ಅನ್ನೋ ತಲೆನೋವೇ ಇಲ್ಲ. ಮೊಳೆ ಸಿಕ್ಕಿದ್ರೆ ಆ ಒಂದೆರಡು ಇನ್ಸರ್ಟ್ ಬದಲಾಯಿಸಿದ್ರೆ ಮುಗೀತು. ಎಳೆ ಅಡ್ಡಾದಿಡ್ಡಿ ಇರೋ ಮರದಲ್ಲೂ ಚಕ್ಕೆ ಕಿತ್ತು ಬರೋದು ತುಂಬಾ ಕಮ್ಮಿ, ಸದ್ದೂ ಕಮ್ಮಿ. ಇನ್ಸರ್ಟ್ ಕೂರೋ ಜಾಗದಲ್ಲಿ ಒಂದು ಕಣ ಹೊಟ್ಟು ಇದ್ರೂ ಅದು ಎದ್ದು ನಿಂತು ಗೆರೆ ಬಿಡುತ್ತೆ, ಟೈಟ್ ಮಾಡುವಾಗ ಬಿರುಕೂ ಬಿಡಬಹುದು, ಅದಕ್ಕೆ ಬ್ರಷ್ ಹಾಕಿ ಒರೆಸಿನೇ ಕೂರಿಸಬೇಕು, ಟಾರ್ಕ್ ರೆಂಚ್ ಇಟ್ಕೊಂಡ್ರೆ ಒಳ್ಳೇದು.

ತೇಗದ_ತುಂಡು:

ಸ್ಪೈರಲ್ ಬಗ್ಗೆ ನನ್ನ ತಕರಾರಿಲ್ಲ ಸರ್, ಅದು ಒಳ್ಳೇದೇ. ಆದ್ರೆ ಮ್ಯಾನ್ಯುಯಲ್ಲೂ ಇಲ್ಲದ, ಯಾವ ಕಂಪನಿ ಅಂತನೂ ಗೊತ್ತಿಲ್ಲದ ಮಷಿನ್‌ಗೆ ಬೇರಿಂಗ್ ಸೈಜು, ಶಾಫ್ಟ್ ಉದ್ದ ಎಲ್ಲ ಹೊಂದೋ ಬ್ಲಾಕ್ ಮಾಡಿಸೋದು ದೊಡ್ಡ ಕೆಲಸ.

ಉದ್ದನೇ ಕಾರ್ಬೈಡ್ ಟಿಪ್ಡ್ ಬ್ಲೇಡ್ ಮಾತ್ರ ಇವರಿಗೆ ಬೇಡ ಅಂತೀನಿ, ಕಾರಣ ಹಳೇ ಬಾಗಿಲು ಕಿಟಕಿ ಮರ. ಎಷ್ಟೇ ನೋಡಿ ತೆಗೆದ್ರೂ ಒಂದು ಮುರಿದ ಮೊಳೆ ಒಳಗೆ ಉಳಿದೇ ಇರುತ್ತೆ. ಎಚ್‌ಎಸ್‌ಎಸ್ ಆದ್ರೆ ಹಲ್ಲು ಬೀಳುತ್ತೆ, ಸಾಣೆ ಹಿಡಿದ್ರೆ ಹೋಗುತ್ತೆ. ಕಾರ್ಬೈಡ್ ಗಾಜಿನ ಹಾಗೆ ಚಕ್ಕೆ ಏಳುತ್ತೆ, ಆ ಉದ್ದಕ್ಕೂ ಅಷ್ಟು ಆಳ ತೆಗೆಯೋದು ಡೈಮಂಡ್ ವೀಲ್ ಇರೋರಿಂದ ಮಾತ್ರ ಸಾಧ್ಯ, ಟಿಪ್ ಇರೋದೇ ತೆಳು ಪಟ್ಟಿ. ಪ್ಲೈವುಡ್ ಅಂಚನ್ನ ಟ್ರಿಮ್ ಮಾಡೋಕೆ ಟೇಬಲ್ ಸಾ ಇಲ್ಲ ರೌಟರ್ ಉಪಯೋಗಿಸಿ, ಪ್ಲೇನರ್‌ಗೆ ಕೊಡಲೇಬೇಡಿ.

ಹಳೇ ಮರಕ್ಕೆ ಮೆಟಲ್ ಡಿಟೆಕ್ಟರ್ ಆಡಿಸಿ, ಮೇಲಿನ ಪೇಂಟು ಕೆರೆದು, ವೈರ್ ಬ್ರಷ್ ಹಾಕಿ ಮಣ್ಣು ಮರಳು ತೆಗೆದು ಆಮೇಲೆ ಮಷಿನ್‌ಗೆ ಕೊಡಿ. ಬ್ಲೇಡ್ ಬೇಗ ಹಾಳಾಗೋದು ಮೊಳೆಯಿಂದ ಅಷ್ಟೇ ಅಲ್ಲ, ಮರದ ಮೇಲೆ ಕೂತಿರೋ ಧೂಳಿನಿಂದಾನೂ ಹೌದು.

ಹಲಗೆ_ಹವ್ಯಾಸಿ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಇವತ್ತು ಬಿಚ್ಚಿ ಅಳೆದೆ. ಉದ್ದ 310, ದಪ್ಪ ಮೂರು ಕಡೆನೂ 3.0, ಅಗಲ 26.4, ತೂತು ಏನೂ ಇಲ್ಲ ಬರೀ ಪಟ್ಟಿ. ಜ್ಯಾಕ್ ಸ್ಕ್ರೂ ಪೂರ್ತಿ ಇಳಿಸಿದ ಮೇಲೆ ಆಳ 29.5 ಬಂತು. ಹಾಗಾದ್ರೆ 310 × 30 × 3 ಅಂತ ಆರ್ಡರ್ ಮಾಡಬಹುದಾ? ಎಚ್‌ಎಸ್‌ಎಸ್ 18% ಅಂತ ಬರೆದು ಮಾರೋದು ಕಾಣಿಸ್ತಿದೆ, ಆದ್ರೆ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ನಂಬೋದು ಹೇಗೆ?

ಸಾಣೆಕಲ್ಲು:

ನಿಮ್ಮ ಅಳತೆ ಸರಿ ಇದೆ. 29.5 ಆಳದಲ್ಲಿ 30ರ ಬ್ಲೇಡ್ ಕೂತ್ರೆ ಅರ್ಧ ಎಂಎಂ ಆಚೆ ಇರುತ್ತೆ, ಸ್ಕ್ರೂ ತಿರುಗಿಸಿ ಇನ್ನರ್ಧ ಎತ್ತಿದ್ರೆ 1 ಎಂಎಂ. 35 ಆಗಲ್ಲ, 25 ಹಾಕಿದ್ರೆ ವೆಡ್ಜ್ ಪಟ್ಟಿಯ ಹಿಡಿತಕ್ಕೆ ಸಾಕಾಗಲ್ಲ, ಅದನ್ನ ಮಾಡಲೇಬೇಡಿ, ಬ್ಲೇಡ್ ಹಾರಿ ಬಂದ್ರೆ ಜೀವಕ್ಕೆ ಅಪಾಯ. ಈಗಿರೋ 26.4 ಕೂಡ ಇನ್ನು ಸಾಣೆಗೆ ಕೊಡೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ನಿಜವಾದ ಎಚ್‌ಎಸ್‌ಎಸ್ ಹೌದೋ ಅಲ್ವೋ ಅನ್ನೋಕೆ ತೂಕ ಒಂದು ಒಳ್ಳೇ ಸಾಕ್ಷಿ. ಟಂಗ್‌ಸ್ಟನ್ ತುಂಬಾ ಭಾರದ ಲೋಹ, ಸೇರಿದಷ್ಟೂ ಉಕ್ಕಿನ ತೂಕ ಏರುತ್ತೆ. 18%ರ ಟಿ1 ಒಂದು ಘನ ಸೆಂಟಿಮೀಟರ್‌ಗೆ ಸುಮಾರು 8.7 ಗ್ರಾಂ, ಎಂ2 ಸುಮಾರು 8.1, ಹೈ ಕ್ರೋಮ್ ಸುಮಾರು 7.7. ನಿಮ್ಮ 310 × 30 × 3 ಪಟ್ಟಿಯಲ್ಲಿ ಅಲಗಿನ ಇಳಿಜಾರು ಕಳೆದ್ರೆ 26 ಘನ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉಕ್ಕು ಇರುತ್ತೆ. ಅಂದ್ರೆ ಒಂದು ಬ್ಲೇಡ್ 18% ಆಗಿದ್ರೆ 228 ಗ್ರಾಂ ಹತ್ರ ತೂಗಬೇಕು, ಎಂ2 ಆದ್ರೆ 213ರ ಹತ್ರ, ಹೈ ಕ್ರೋಮ್ ಆದ್ರೆ 202ರ ಹತ್ರ. 18% ಅಂತ ಮಾರಿದ್ದು 203 ತೂಗಿದ್ರೆ ಅದರಲ್ಲಿ ಅಷ್ಟು ಟಂಗ್‌ಸ್ಟನ್ ಇಲ್ಲ ಅಂತಾನೇ ಅರ್ಥ, ವಾಪಸ್ ಕಳಿಸಿ. ಉದ್ದ ಅಗಲ ದಪ್ಪ ವರ್ನಿಯರ್‌ನಲ್ಲಿ ನೋಡಿ ಲೆಕ್ಕ ಹಾಕಬೇಕು, ದಪ್ಪದಲ್ಲಿ 0.1 ಎಂಎಂ ತಪ್ಪಾದ್ರೂ ಏಳು ಗ್ರಾಂ ಆಚೀಚೆ ಆಗುತ್ತೆ.

ಇನ್ನೊಂದು ಕಿಡಿ ನೋಡೋದು. ಗ್ರೈಂಡರ್‌ಗೆ ಬ್ಲೇಡ್‌ನ ಹಿಂಭಾಗದ ಮೂಲೆ ಲೈಟಾಗಿ ತಾಗಿಸಿದ್ರೆ ಸಾದಾ ಕಾರ್ಬನ್ ಉಕ್ಕು ಬೆಳ್ಳಗೆ ಕವಲೊಡೆದು ಸಿಡಿಯುತ್ತೆ, ಟಂಗ್‌ಸ್ಟನ್ ಜಾಸ್ತಿ ಇರೋದು ಮಂದ ಕೆಂಪು ಕಿಡಿ, ಅದೂ ಕಮ್ಮಿ, ಕವಲು ಇರೋದೇ ಇಲ್ಲ. ಕನ್ನಡಕ ಹಾಕ್ಕೊಂಡೇ ಮಾಡಿ. ಗೊತ್ತಿರೋ ಎಚ್‌ಎಸ್‌ಎಸ್ ಡ್ರಿಲ್ ಬಿಟ್ ಒಂದನ್ನ ಪಕ್ಕದಲ್ಲಿ ತಾಗಿಸಿ ಹೋಲಿಸಿದ್ರೆ ಅಂದಾಜು ಸಿಗುತ್ತೆ.

ಸಾಣೆ ಹಿಡಿಸುವಾಗ ಮೂರನ್ನೂ ಒಟ್ಟಿಗೆ ಕೊಡಿ, ಒಂದೇ ಅಗಲಕ್ಕೆ ತರೋಕೆ ಹೇಳಿ, ನೀರು ಹರಿಸ್ತಾ ಗ್ರೈಂಡ್ ಮಾಡೋ ಮಷಿನ್ ಇರೋರ ಹತ್ರಾನೇ ಹೋಗಿ. ಒಣ ಗ್ರೈಂಡರ್‌ನಲ್ಲಿ ಅಲಗು ನೀಲಿ ಆದ್ರೆ ಹೈ ಕಾರ್ಬನ್ ಬ್ಲೇಡ್ ಅಲ್ಲೇ ಮೆದು ಆಗಿರುತ್ತೆ. ಎಚ್‌ಎಸ್‌ಎಸ್ ಅಷ್ಟು ಸುಲಭಕ್ಕೆ ಮೆದು ಆಗಲ್ಲ, ಆದ್ರೆ ಬಿಸಿ ಆಗಿದ್ದನ್ನ ಸಡನ್ನಾಗಿ ನೀರಿಗೆ ಅದ್ದಿದ್ರೆ ಕಣ್ಣಿಗೆ ಕಾಣದ ಬಿರುಕು ಬರುತ್ತೆ. ಹಳೇ ಬ್ಲೇಡ್‌ನ ಕೋನ ಎಷ್ಟಿತ್ತೋ ಅದನ್ನೇ ಉಳಿಸೋಕೆ ಹೇಳಿ, ಸಾಮಾನ್ಯವಾಗಿ 35ರಿಂದ 40 ಡಿಗ್ರಿ ಇರುತ್ತೆ.

ದುಡ್ಡು ಇದ್ರೆ ಎರಡು ಸೆಟ್ ಎಚ್‌ಎಸ್‌ಎಸ್ ತಗೊಳ್ಳಿ, ಒಂದು ಕಾರ್ಬೈಡ್ ಸೆಟ್ ಬದಲು ಅದು ಎಷ್ಟೋ ವಾಸಿ. ಒಂದು ಸಾಣೆಗೆ ಹೋದಾಗ ಇನ್ನೊಂದು ಮಷಿನ್‌ನಲ್ಲಿ ಇರುತ್ತೆ, ಬ್ಲೇಡ್ ಮೊಂಡಾಗಿದೆ ಅಂತ ಗೊತ್ತಿದ್ರೂ ಕೆಲಸ ನಿಲ್ಲುತ್ತೆ ಅಂತ ಎಳೆದಾಡೋ ಪರಿಸ್ಥಿತಿ ಬರಲ್ಲ.

ಚಿಕ್ಕ_ವರ್ಕ್‌ಶಾಪ್:

ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಬೆಂಚ್ ಮೇಲೆ ಇಡೋ 13 ಇಂಚಿನ ಪೋರ್ಟಬಲ್ ಥಿಕ್‌ನೆಸರ್, ಬ್ಲೇಡ್ ತುಂಬಾ ತೆಳು, ಎರಡೂ ಕಡೆ ಅಲಗು ಇದೆ, ತೂತುಗಳೂ ಇವೆ. ಇದಕ್ಕೂ ಇದೇ ಲೆಕ್ಕನಾ?

ಉಳಿ_ಸುತ್ತಿಗೆ:

ಇಲ್ಲ ಸರ್, ನಿಮ್ಮದು ಬೇರೆ ಜಾತಿ. ಒಂದು ಕಡೆ ಮೊಂಡಾದ್ರೆ ತಿರುಗಿಸಿ ಹಾಕೋದು, ಎರಡೂ ಮುಗಿದ್ರೆ ಹೊಸದು. ತೂತು ಬ್ಲಾಕ್‌ನ ಪಿನ್‌ಗೆ ಕೂರೋದ್ರಿಂದ ಎತ್ತರ ಸೆಟ್ ಮಾಡೋ ಕೆಲಸ ಇಲ್ಲ, ಆದ್ರೆ ಅದೇ ಕಾರಣಕ್ಕೆ ಸಾಣೆ ಹಿಡಿಸಿ ಅಗಲ ಕಮ್ಮಿ ಮಾಡಿದ್ರೆ ಮೇಲೆ ಎತ್ತೋಕೆ ದಾರಿನೂ ಇಲ್ಲ. ಮಷಿನ್‌ನ ಮಾಡೆಲ್ ನಂಬರ್ ನೋಡಿ ಅದಕ್ಕೆ ಅಂತಾನೇ ಇರೋದು ತಗೊಳ್ಳಿ, ತೂತಿನ ಜಾಗ ಒಂದು ಚೂರು ಆಚೀಚೆ ಆದ್ರೂ ಕೂರಲ್ಲ. ಕೈಯಲ್ಲಿ ಹಿಡಿಯೋ 82 ಎಂಎಂ ಎಲೆಕ್ಟ್ರಿಕ್ ಪ್ಲೇನರ್‌ನ ತೆಳು ಕಾರ್ಬೈಡ್ ಬ್ಲೇಡೂ ಹಾಗೇನೇ, ತಿರುಗಿಸಿ ಹಾಕಿ, ಎರಡೂ ಅಂಚು ಮುಗಿದ್ರೆ ಹೊಸದು ತಗೊಳ್ಳಿ.

ಹಲಗೆ_ಹವ್ಯಾಸಿ ಅವ್ರೇ, ಫಿಟ್ಟಿಂಗ್ ಬಗ್ಗೆ ಒಂದು ಮಾತು, ಯಾಕಂದ್ರೆ ಎಷ್ಟೇ ಒಳ್ಳೇ ಬ್ಲೇಡ್ ತಂದ್ರೂ ಮೂರೂ ಒಂದೇ ಎತ್ತರಕ್ಕೆ ಇಲ್ಲ ಅಂದ್ರೆ ಕೆಲಸ ಮಾಡೋದು ಒಂದೇ ಬ್ಲೇಡ್. 5000 ಸುತ್ತು, ಮೂರು ಬ್ಲೇಡ್, ಹಲಗೆ ನಿಮಿಷಕ್ಕೆ 6 ಮೀಟರ್ ಓಡುತ್ತೆ ಅಂದ್ಕೊಳ್ಳಿ, ಒಂದೊಂದು ಕಡಿತಕ್ಕೆ 0.4 ಎಂಎಂ ಬರುತ್ತೆ, ಕೈಯಾಡಿಸಿದ್ರೆ ನಯ. ಒಂದೇ ಬ್ಲೇಡ್ ಎತ್ತರ ಇದ್ರೆ ಅದು 1.2 ಎಂಎಂ ಆಗುತ್ತೆ, ಆಗ ಅಲೆ ಕಣ್ಣಿಗೇ ಕಾಣುತ್ತೆ. ಜನ ಬ್ಲೇಡ್ ಸರಿ ಇಲ್ಲ ಅಂತ ಬೈಯೋದು ಎಷ್ಟೋ ಸಲ ಇದಕ್ಕೇನೇ.

ನಾನು ಮಾಡೋದು ಹೀಗೆ. ನೇರವಾದ ಒಂದು ಮರದ ಪಟ್ಟಿ ತಗೊಂಡು ಔಟ್‌ಫೀಡ್ ಟೇಬಲ್ (ಹಲಗೆ ಬ್ಲೇಡ್ ದಾಟಿ ಹೊರಬರೋ ಕಡೆಯ ಟೇಬಲ್) ಮೇಲೆ ಮಲಗಿಸಿ, ತುದಿ ಬ್ಲಾಕ್ ದಾಟಿ ಆಚೆ ಇರಲಿ, ಟೇಬಲ್ ಅಂಚು ಬರೋ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಪುಲ್ಲಿ ಹಿಡಿದು ಬ್ಲಾಕನ್ನ ನಿಧಾನಕ್ಕೆ ಕೈಯಲ್ಲಿ ತಿರುಗಿಸಿದ್ರೆ ಬ್ಲೇಡ್ ಪಟ್ಟಿಯನ್ನ ಸ್ವಲ್ಪ ಎಳ್ಕೊಂಡು ಹೋಗಿ ಬಿಡುತ್ತೆ. ಎಷ್ಟು ಎಳೀತು ಅಂತ ಇನ್ನೊಂದು ಗುರುತು. 3 ಎಂಎಂ ಎಳೆದ್ರೆ ಸಾಕು, 70 ಎಂಎಂ ವ್ಯಾಸದ ಬ್ಲಾಕ್‌ನಲ್ಲಿ ಅಷ್ಟು ಎಳೆದಿದೆ ಅಂದ್ರೆ ಬ್ಲೇಡ್ ಟೇಬಲ್‌ಗಿಂತ 0.03 ಎಂಎಂ ಮೇಲಿದೆ ಅಂತ. 6 ಎಂಎಂ ಎಳೆದ್ರೆ ಎತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 0.13ರ ಹತ್ರ ಬಂದ್ಬಿಡುತ್ತೆ, ಆಗ ಹಲಗೆಯ ಬಾಲದ ಕಡೆ ಗುಂಡಿ ಬೀಳುತ್ತೆ. ಪಟ್ಟಿಗೆ ತಾಗದೇ ಕೆಳಗೇ ಉಳಿದ್ರೆ ಹಲಗೆ ಹೋಗಿ ಔಟ್‌ಫೀಡ್ ಅಂಚಿಗೆ ಡಿಕ್ಕಿ ಹೊಡೆಯುತ್ತೆ. ಪ್ರತಿ ಬ್ಲೇಡ್‌ನ ಎಡ ತುದಿ, ಬಲ ತುದಿ ಎರಡರಲ್ಲೂ ನೋಡಬೇಕು, ಒಟ್ಟು ಆರು ಕಡೆ ಒಂದೇ ಎಳೆತ ಬರಬೇಕು.

ಬೋಲ್ಟ್ ಟೈಟ್ ಮಾಡುವಾಗ ಮಧ್ಯದಿಂದ ಶುರು ಮಾಡಿ ಎರಡೂ ತುದಿಗೆ ಹೋಗಿ, ಒಂದೇ ಸಲಕ್ಕೆ ಬಿಗಿ ಮಾಡಬೇಡಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ. ಬಿಗಿ ಆಗ್ತಾ ಬ್ಲೇಡ್ ಒಂದಿಷ್ಟು ಮೇಲೇಳೋದು ಸಹಜ, ಅದಕ್ಕೆ ಕೊನೇ ಬಿಗಿ ಆದ ಮೇಲೆ ಇನ್ನೊಂದು ಸಲ ಪಟ್ಟಿ ಇಟ್ಟು ನೋಡಿ. ಹೊಸ ಬ್ಲೇಡ್ ಬರೋವರೆಗೆ ಆ ಏಣಿನ ಕಾಟ ತಪ್ಪಿಸ್ಕೊಳ್ಳೋಕೆ ಈಗಿರೋ ಮೂರರಲ್ಲಿ ಒಂದನ್ನ ಪಕ್ಕಕ್ಕೆ 1 ಎಂಎಂ ಸರಿಸಿ ಕೂರಿಸಿ, ಹಲ್ಲುಗಳು ಒಂದೇ ಸಾಲಲ್ಲಿ ಇಲ್ಲದಿದ್ರೆ ಗೆರೆ ಹೋಗುತ್ತೆ. ಸರಿಸಿದ ತುದಿ ಬ್ಲಾಕ್‌ನಿಂದ ಆಚೆ ಬಂದು ಬಾಡಿಗೆ ತಾಗಬಾರದು, ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ.

ಹಲಗೆ_ಹವ್ಯಾಸಿ:

ಸರಿಸಿ ನೋಡಿದೆ, ಗೆರೆ ಹೋಯ್ತು! ಎರಡು ಸೆಟ್ ಎಂ2 310 × 30 × 3 ಆರ್ಡರ್ ಮಾಡ್ತಿದೀನಿ, ಬಂದ ತಕ್ಷಣ ತಕ್ಕಡಿಗೆ ಹಾಕ್ತೀನಿ. ಹಳೇ ಬ್ಲೇಡ್ ಏನ್ ಮಾಡೋದು, ಎಸೆಯೋಕೆ ಮನಸ್ಸು ಬರ್ತಿಲ್ಲ.

ಸಾಣೆಕಲ್ಲು:

ಎಸೆಯಬೇಡಿ, ಎಚ್‌ಎಸ್‌ಎಸ್ ಆಗಿದ್ರೆ ಒಳ್ಳೇ ಮಾರ್ಕಿಂಗ್ ಚಾಕು, ಸ್ಕ್ರೇಪರ್ ಎಲ್ಲ ಆಗುತ್ತೆ. ಕತ್ತರಿಸೋಕೆ ಹ್ಯಾಕ್ಸಾ ತಗೋಬೇಡಿ, ಅದು ಸುಮ್ನೆ ಜಾರುತ್ತೆ, ಆಂಗಲ್ ಗ್ರೈಂಡರ್‌ಗೆ ತೆಳು ಕಟಿಂಗ್ ವೀಲ್ ಹಾಕಿ ಕತ್ತರಿಸಿ. ಮಷಿನ್‌ಗೆ ಮಾತ್ರ ಇನ್ನು ಹಾಕಬೇಡಿ, ಹಿಂಭಾಗಕ್ಕೆ ಕೆಂಪು ಪೇಂಟ್ ಬಳಿದು ಬೇರೆ ಡಬ್ಬಿಯಲ್ಲಿ ಇಟ್ಟುಬಿಡಿ, ಅಲಗಿಗೆ ದಪ್ಪ ಟೇಪ್ ಸುತ್ತಿ. ಹೊಸ ಸೆಟ್ ಹಾಕಿದ ದಿನ ಐದು ನಿಮಿಷ ಖಾಲಿ ಓಡಿಸಿ, ಆಗ ಬ್ಲಾಕ್‌ನ ಎದುರಿಗೆ ನಿಲ್ಲದೇ ಪಕ್ಕದಲ್ಲಿ ನಿಂತ್ಕೊಳ್ಳಿ, ಆಮೇಲೆ ಪ್ಲಗ್ ಕಿತ್ತು ಎಲ್ಲ ಬೋಲ್ಟೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.